ಅಟ್ಟದ ಮೇಲಿನ ಶಂಟಿಂಗ್ ಇಂಜಿನ್

ಹೋದ ತಿಂಗಳು ಕಡೂರು ಪೇಟೆಯಿಂದ ತಂದ ಕೊಬ್ಬರಿ ಗಿಟುಕೊಂದನ್ನು ಒಡೆದರೆ ಒಳಗೆಲ್ಲ ಹಳದಿ ತಿರುಗಿ ಕಮಟು ಹಿಡಿದಿತ್ತು. ಎರಡು ಹೋಳನ್ನೂ ಹಿತ್ತಲಿಗೆ ಎಸೆದು ಸೋಪು ಹಾಕಿ ಕೈ ತೊಳೆದೆ. ಆದರೂ ಬೆರಳ ಸಂದಿಯಲ್ಲಿ ಆ ವಾಸನೆ ಉಳಿದುಬಿಟ್ಟಿತು. ಮಧ್ಯಾಹ್ನ ಊಟಕ್ಕೆ ಕೂತಾಗ ತುತ್ತಿನ ಜೊತೆ ಮೂಗಿಗೆ ಬಂತು. ಎಲೆ ಬಿಟ್ಟು ಎದ್ದೆ. ಬಾಲ್ಯದ ಮನೆಯನ್ನು ನೆನೆದು ಬರೆಯುವವರು ಮಲ್ಲಿಗೆಯ ವಾಸನೆ, ಒಗ್ಗರಣೆಯ ವಾಸನೆ ಎನ್ನುವುದನ್ನು ಓದಿದ್ದೇನೆ. ಅವರ ಅದೃಷ್ಟ ದೊಡ್ಡದು. ನನಗೆ ನಮ್ಮ ಮನೆಯನ್ನು ವಾಪಸ್ಸು ತಂದುಕೊಡುವುದು ಈ ಕಮಟು ಒಂದೇ. ಇದು ಬಂದರೆ ಸಾಕು, ಅಟ್ಟ ಬರುತ್ತದೆ, ಅಟ್ಟದ ಮೇಲೆ ಬಾಗಿ ಕೂತ ಈರಣ್ಣ ಮಾವ ಬರುತ್ತಾನೆ. ಆ ಅಟ್ಟದಿಂದ ಅವನನ್ನು ಇಳಿಸಿ ಕಳಿಸಿದವನು ನಾನು. ಎಪ್ಪತ್ತು ದಾಟಿದ ಮೇಲೆ ಇದನ್ನು ಬರೆಯುತ್ತಿರುವುದಕ್ಕೆ ಬೇರೆ ಕಾರಣವೇನೂ ಇಲ್ಲ.

ನಮ್ಮ ಮನೆ ಕಡೂರಿನ ಅಂಚಿನಲ್ಲಿ, ಸಖರಾಯಪಟ್ಟಣದ ಕಡೆ ಹೋಗುವ ರಸ್ತೆಗೆ ಬೆನ್ನು ಹಾಕಿಕೊಂಡು ಇತ್ತು. ಈಗ ಆ ಜಾಗದಲ್ಲಿ ಟೈಲ್ಸ್ ಅಂಗಡಿ ಇದೆ. ಕೆಳಗೆ ನಡುಮನೆ, ಅಡುಗೆಮನೆ, ದನದ ಕೊಟ್ಟಿಗೆ. ಮೇಲೆ ಮನೆಯ ಉದ್ದಕ್ಕೂ ಬಿದಿರ ತಟ್ಟಿಯ ಅಟ್ಟ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ ರಾಶಿ ಹಾಕಿ ವರ್ಷ ಕಳೆಯುವ ತನಕ ಬಿಡುತ್ತಿದ್ದರು. ಕೆಳಗಿನ ಒಲೆಯ ಹೊಗೆ ತಟ್ಟಿಯ ಸಂದಿಯಿಂದ ಏರಿ ಕಾಯಿಗೆ ತಾಗುತ್ತಿತ್ತು, ನೀರು ಇಂಗುತ್ತಿತ್ತು, ಒಳಗೆ ತಿರುಳು ಕಳಚಿಕೊಂಡು ಕೊಬ್ಬರಿಯಾಗುತ್ತಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಸದ್ದು. ಕೆಲವು ಕಾಯಿ ಒಳಗೇ ಕೊಳೆತು, ಇಲಿ ತೂತು ಮಾಡಿ, ಕಪ್ಪು ಎಣ್ಣೆ ಸೋರುತ್ತಿದ್ದವು. ಆ ರಾಶಿಯ ಪಕ್ಕದಲ್ಲಿ, ಗವಾಕ್ಷಿಯ ಬೆಳಕು ಬೀಳುವ ಕಡೆ, ಅವ್ವನ ತಮ್ಮ ಈರಣ್ಣ ಮಾವನಿಗೆ ಒಂದು ಚಾಪೆಯ ಜಾಗ ಕೊಟ್ಟಿದ್ದರು.

ಮಾವ ರೈಲ್ವೆ ಯಾರ್ಡಿನಲ್ಲಿ ಡಬ್ಬಿಗಳ ಕೊಂಡಿ ಹಾಕುವ, ಬಿಚ್ಚುವ ಕೆಲಸದಲ್ಲಿದ್ದವನು. ಗೂಡ್ಸ್ ಡಬ್ಬಿ ಎರಡು ಒಂದಕ್ಕೊಂದು ಬಂದು ಮುಟ್ಟುವ ಹೊತ್ತಿನಲ್ಲಿ ನಡುವೆ ನಿಂತು ಕೊಂಡಿ ಎತ್ತಬೇಕು. ಒಂದು ದಿನ ನಿಂತಿದೆ ಎಂದುಕೊಂಡ ಡಬ್ಬಿ ಇನ್ನೂ ನಿಂತಿರಲಿಲ್ಲ. ತಪ್ಪು ತನ್ನದೇ ಎಂದು ಅವನೇ ಹೇಳುತ್ತಿದ್ದ. ಬಲಗೈಯಲ್ಲಿ ಹೆಬ್ಬೆರಳು ಮತ್ತು ಅಂಗೈಯ ಒಂದು ತುಂಡು ಮಾತ್ರ ಉಳಿದವು. ಚಳಿಗಾಲದಲ್ಲಿ ಆ ತುಂಡಿನ ಚರ್ಮ ಬಿರಿದು ಕೀವು ಒಸರುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಮದುವೆಯಾಗಿರಲಿಲ್ಲ, ಆಮೇಲೆ ಯಾರೂ ಹೆಣ್ಣು ಕೊಡುವ ಮಾತೂ ಎತ್ತಲಿಲ್ಲ. ಅಕ್ಕನ ಮನೆಗೆ ಬಂದ.

ಬಲಗೈ ಹೋದ ಮೇಲೆ ಅವನು ಎಡಗೈಯಲ್ಲೇ ಉಣ್ಣಬೇಕಾಯಿತು. ನಮ್ಮ ಕಡೆ ಇದು ಏನೆಂದು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಡಗೈ ಯಾತಕ್ಕೆ ಎಂದು ಅಂಬೆಗಾಲಿಡುವ ಕೂಸಿಗೂ ಕೈ ಮೇಲೆ ಹೊಡೆದು ಕಲಿಸಿರುತ್ತಾರೆ. ಪಂಕ್ತಿಯ ಕೊನೆಯಲ್ಲಿ, ಎಡಭಾಗಕ್ಕೆ ಗೋಡೆ ಬರುವಂತೆ ಅವನು ಕೂರುತ್ತಿದ್ದ. ತಲೆ ಬಗ್ಗಿಸಿ, ಬಲದ ಮೊಂಡುಗೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ಬೇಗ ಬೇಗ ಉಣ್ಣುತ್ತಿದ್ದ. ಅಭ್ಯಾಸವಿಲ್ಲದ ಕೈಯಿಂದ ಅನ್ನ ಗಲ್ಲಕ್ಕೆ ಮೆತ್ತಿಕೊಂಡು ಕೆಳಗೆ ಉದುರುತ್ತಿತ್ತು. ಅಪ್ಪ ಆ ಕಡೆ ನೋಡದೆ, "ಏನಪ್ಪಾ ಈರಣ್ಣ, ಎಲೆಗಿಂತ ನೆಲಕ್ಕೇ ಜಾಸ್ತಿ ಉಣ್ಣಿಸ್ತೀಯಲ್ಲ" ಎನ್ನುತ್ತಿದ್ದ. ಮಾವ ನಕ್ಕುಬಿಡುತ್ತಿದ್ದ. ಆದರೆ ಒಂದು ಕಟ್ಟುಪಾಡನ್ನು ಅವನೇ ಹಾಕಿಕೊಂಡಿದ್ದ. ಅಡುಗೆಯ ಪಾತ್ರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ನೀರು ಬೇಕಾದರೂ ಚೆಂಬಿಗೆ ಕೈ ಹಾಕದೆ, "ಅಕ್ಕಾ, ಒಂಚೂರು ನೀರು ಹುಯ್ಯೇ" ಎಂದು ಲೋಟ ಮುಂದೆ ಮಾಡುತ್ತಿದ್ದ. ಈ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಏಕೆಂದರೆ ಶಾಲೆ ಬಿಟ್ಟ ಮೇಲೆ ನಾನಿರುತ್ತಿದ್ದದ್ದು ಅವನ ಜೊತೆಯಲ್ಲೇ. ಕೊಟ್ಟಿಗೆಯ ಮುರಿದ ಬಾಗಿಲೊಂದನ್ನು ಅಟ್ಟಕ್ಕೆ ಏರಿಸಿ, ಅದರ ಮೇಲೆ ಅವನು ಒಂದು ರೈಲ್ವೆ ಯಾರ್ಡು ಕಟ್ಟಿದ್ದ. ಹರಿದ ಕೊಡೆಗಳ ಕಡ್ಡಿ ಬಿಡಿಸಿ ಹಳಿ ಮಾಡಿದ್ದ. ದರ್ಜಿಯ ಅಂಗಡಿಯಿಂದ ದಾರ ಮುಗಿದ ಮರದ ರೀಲುಗಳನ್ನು ತಂದು ತುದಿಗಳನ್ನು ಕೊಯ್ದರೆ, ಅಂಚಿನ ಸಮೇತ ಚಕ್ರ ಸಿದ್ಧ. ಎಣ್ಣೆ ಡಬ್ಬದ ತಗಡು ಕತ್ತರಿಸಿ ಡಬ್ಬಿಗಳನ್ನು ಮಾಡಿದ್ದ. ಇಂಜಿನ್ನಿನ ಹೊಟ್ಟೆಯಲ್ಲಿ ಕೆಟ್ಟ ಅಲಾರಂ ಗಡಿಯಾರದ ಸ್ಪ್ರಿಂಗು, ಹಲ್ಲಿನ ಚಕ್ರ. ಕೀ ಕೊಟ್ಟು ಪಕ್ಕದ ಸಣ್ಣ ಕಡ್ಡಿಯನ್ನು ಒತ್ತಿದರೆ ಮುಂದೆ, ಎಳೆದರೆ ಹಿಂದೆ, ನಡುವೆ ನಿಲ್ಲಿಸಿದರೆ ನಿಲುಗಡೆ. ಇದನ್ನೆಲ್ಲ ಮಾಡುವಾಗ ತಗಡು ಹಿಡಿದುಕೊಳ್ಳಲು, ಮೊಳೆ ಅಲ್ಲಾಡದಂತೆ ಒತ್ತಿಕೊಳ್ಳಲು ಅವನಿಗೆ ಇನ್ನೊಂದು ಕೈ ಬೇಕಿತ್ತು. ಆ ಕೈ ನನ್ನದಾಗಿತ್ತು.

ಈಗ ಮೊಬೈಲಿನಲ್ಲಿ ನೋಡುತ್ತೇನೆ. ದೊಡ್ಡ ದೊಡ್ಡ ಮನೆಗಳಲ್ಲಿ ಕೋಣೆ ತುಂಬ ಪುಟ್ಟ ರೈಲು ಹಾಕಿಕೊಂಡು, ತಲೆ ನರೆತ ಗಂಡಸರು ಗುಂಡಿ ಒತ್ತಿ, ಡಬ್ಬಿಗಳನ್ನು ಹಳಿಯಿಂದ ಹಳಿಗೆ ಬದಲಿಸುವ ಶಂಟಿಂಗ್ ಮಾಡುತ್ತಾರೆ. ಅಂಥ ಇಂಜಿನ್ನುಗಳು ಹೊಗೆಯನ್ನೂ ಬಿಡುತ್ತವೆ. ನಮ್ಮ ಇಂಜಿನ್ ಹಾಗಿರಲಿಲ್ಲ, ಕಿರ್ರೆಂದು ಅರಚುತ್ತ ಬಾಗಿಲಿನ ಉದ್ದಕ್ಕೆ ಹೋಗಿ ಬರುತ್ತಿತ್ತು, ಅಷ್ಟೇ. ಆದರೆ ಕೆಲಸ ಅದೇ. ಒಂದು ದೊಡ್ಡ ಹಳಿ, ಅದರಿಂದ ಕವಲೊಡೆದ ಮೂರು ಸಣ್ಣ ಹಳಿಗಳು. ಒಂದು ಕಡೂರಿನದು, ಒಂದು ತರೀಕೆರೆಯದು, ಒಂದು ಅಜ್ಜಂಪುರದ್ದು. ಮಾವ ಡಬ್ಬಿಗಳನ್ನೆಲ್ಲ ಕಲಸಿ ನಿಲ್ಲಿಸುತ್ತಿದ್ದ. ಕೊಬ್ಬರಿ ಡಬ್ಬಿ ಕಡೂರಿಗೆ, ಮರದ ದಿಮ್ಮಿ ತರೀಕೆರೆಗೆ, ಗೋಣಿಚೀಲ ಅಜ್ಜಂಪುರಕ್ಕೆ, ಹೀಗೆ ಹೇಳಿ, "ಈಗ ಬೇರೆ ಮಾಡು ನೋಡಾನ" ಎನ್ನುತ್ತಿದ್ದ. ಬೇಡದ ಡಬ್ಬಿ ಮುಂದಿರುತ್ತಿತ್ತು, ಬೇಕಾದದ್ದು ಹಿಂದಿರುತ್ತಿತ್ತು. ಎಳೆದು, ಬಿಟ್ಟು, ಸುತ್ತಿ ಬಂದು, ತಳ್ಳಿ, ಒಂದು ಸಂಜೆ ಪೂರ್ತಿ ಹೋಗುತ್ತಿತ್ತು.

"ಈ ಇಂಜಿನ್ ಯಾವೂರಿಗೂ ಹೋಗಲ್ವಾ ಮಾವ?" ಎಂದು ಕೇಳಿದ್ದೆ.

"ಇದು ಎಲ್ಲೀಗೂ ಹೋಗಂಗಿಲ್ಲ ಕಣೋ. ಹೋಗೋ ಡಬ್ಬಿಗಳ್ನ ಸಾಲಾಗಿ ನಿಲ್ಸಿ ಕಳ್ಸೋದೇ ಇದರ ಕೆಲ್ಸ. ಗಾಡಿ ಹೊಂಟೋದ್ಮೇಲೆ ಯಾರೂ ಇದನ್ನ ತಿರುಗಿ ನೋಡಲ್ಲ" ಎಂದಿದ್ದ.

ಆಟಕ್ಕೆ ಇದ್ದದ್ದು ಒಂದೇ ಕಟ್ಟಳೆ. ಡಬ್ಬಿಗೆ ಕೈ ಹಾಕಬಾರದು. ಮಾವ ಬಟ್ಟೆ ಪಿನ್ನು ಬಗ್ಗಿಸಿ ಮಾಡಿದ ಕೊಂಡಿ ತಾನಾಗಿ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಬೇಕಾದರೆ ಬಾಗಿಲಿನ ಅಡಿಯಿಂದ ಒಂದು ತಂತಿ ಎಳೆದರೆ, ಹಳಿಯ ನಡುವಿನಿಂದ ಮೊಳೆಯೊಂದು ಎದ್ದು ಕೊಂಡಿಯನ್ನು ಎತ್ತುತ್ತಿತ್ತು. ಅದನ್ನು ಮಾಡಲು ಅವನಿಗೆ ಒಂದು ಮಳೆಗಾಲ ಹಿಡಿದಿತ್ತು. "ಎಷ್ಟೊತ್ತಾದ್ರೂ ಆಗ್ಲಿ, ತಪ್ಪಾದ್ರೂ ಆಗ್ಲಿ, ನಡುವೆ ಮಾತ್ರ ಕೈ ಹಾಕ್ಬೇಡ" ಎಂದು ಹೇಳಿ ಹೇಳಿ ಬೇಜಾರು ಹಿಡಿಸುತ್ತಿದ್ದ. ಕೈ ಹಾಕದೆ ಎಲ್ಲ ಡಬ್ಬಿಗಳನ್ನೂ ಆಯಾ ಊರಿನ ಹಳಿಗೆ ಸೇರಿಸಿ ತೋರಿಸಿದ ದಿನ ಇಂಜಿನ್ ನನ್ನದು ಎಂದೂ ಹೇಳಿದ್ದ.

ಆ ವರ್ಷ ನನ್ನ ಒಡಹುಟ್ಟಿದ ಸರೋಜಕ್ಕನಿಗೆ ತರೀಕೆರೆಯ ಕಡೆಯಿಂದ ಗಂಡು ಬಂತು. ಜಾತಕ, ಮನೆ ಎಲ್ಲ ನೋಡಿ ಆಗಿತ್ತು. ಅವರ ಹಿರೀಕರು ಬಂದು ಉಂಡು, ಎಲೆ ಅಡಿಕೆ ಬದಲಾಯಿಸಿಕೊಂಡು ಹೋಗುವುದೊಂದೇ ಬಾಕಿ. ಮಾವನಿಗೆ ಹಿಗ್ಗೋ ಹಿಗ್ಗು. ಧಾರೆಯ ದಿನ ಮದುವಣಗಿತ್ತಿಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಹಸೆಯ ಮೇಲೆ ನಿಲ್ಲಿಸುವವನೂ ಅವನೇ. ಅದೊಂದನ್ನು ಮಾತ್ರ ಅವನಿಂದ ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ಮುಖ ತೋರಿಸದೆ ಬದುಕುತ್ತಿದ್ದ ಮನುಷ್ಯ ಪೇಟೆಗೆ ಹೋಗಿ ಬಿಳಿ ಶರಟು ಹೊಲಿಸಿಕೊಂಡು ಬಂದಿದ್ದ. ಬಲತೋಳನ್ನು ಉದ್ದ ಬಿಡಿಸಿದ್ದ, ಮೊಂಡುಗೈ ಒಳಗೇ ಇರಲಿ ಎಂದು. "ಹೆಂಗೈತೆ ಸರೋಜಿ?" ಎಂದು ತೋರಿಸಿದಾಗ ಅಕ್ಕ, "ಮದ್ವೆ ನಂದೋ ನಿಂದೋ ಮಾವ?" ಎಂದು ನಕ್ಕಿದ್ದಳು.

ಹಿರೀಕರು ಬರುವ ಹಿಂದಿನ ದಿನ ಅಟ್ಟದಲ್ಲಿ ಎಲ್ಲ ಡಬ್ಬಿಗಳೂ ಸೇರಿ, ಮರದ ದಿಮ್ಮಿಯದೊಂದು ಉಳಿದಿತ್ತು. ಅದು ಅಜ್ಜಂಪುರದ ಹಳಿಯ ಕೊನೆಯಲ್ಲಿ ಸಿಕ್ಕಿಕೊಂಡಿತ್ತು. ಹೊರಗೆ ತೆಗೆಯಬೇಕಾದರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕು. ಮಾವ ದನಕ್ಕೆ ನೀರು ತೋರಿಸಲು ಕೆಳಗೆ ಇಳಿದ. ನಾನು ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ತರೀಕೆರೆಯ ಹಳಿಯ ಮೇಲೆ ಇಟ್ಟೆ. ಅವನು ಬಂದು ನೋಡಿದ. ಕೊಂಡಿ ಸಿಕ್ಕಿಕೊಂಡಿರಲಿಲ್ಲ.

"ಕೈ ಹಾಕ್ದಾ?"

"ಇಲ್ಲ ಮಾವ."

"ಲೇ, ನನ್ನ ನೋಡಿ ಹೇಳು. ಕೈ ಹಾಕ್ದಾ?"

"ಇಲ್ಲ ಅಂದ್ನಲ್ಲ! ನಿನ್ ಕೊಂಡೀನೇ ಸರಿ ಇಲ್ಲ."

ಕೆನ್ನೆಗೆ ಒಂದು ಬಿಟ್ಟ. ಜೋರಾಗಿ ಏನೂ ಹೊಡೆದಿರಲಿಲ್ಲ, ನೋವಾದದ್ದು ನೆನಪಿಲ್ಲ. ಆದರೆ ಹೊಡೆದದ್ದು ಎಡಗೈಯಲ್ಲಿ. ಆ ಕೈ ನನ್ನ ಬಾಯಿಯ ಹತ್ತಿರ ಬಂದಿತ್ತು, ತುಟಿಗೆ ತಾಗಿತ್ತು. ಅದುವರೆಗೆ ಆ ಕೈಯ ಪಕ್ಕದಲ್ಲೇ ಕೂತು ಆಡಿದವನಿಗೆ ಆ ಕ್ಷಣ ಎಲ್ಲಿಲ್ಲದ ಹೇಸಿಗೆ ಬಂತು. ಕೆಳಗಿಳಿದು ಬಚ್ಚಲಿಗೆ ಹೋಗಿ ಬೂದಿ ಹಾಕಿ ಮುಖ ಉಜ್ಜಿದೆ. ಉಗಿದು ಉಗಿದು ಬಾಯಿ ತೊಳೆದೆ. "ಏನೋ ಅದು?" ಎಂದು ಅವ್ವ ಕೇಳಿದರೆ, "ಏನಿಲ್ಲ" ಎಂದೆ. ಮನೆಯಲ್ಲಿ ಎಲ್ಲರೂ ವರ್ಷಗಟ್ಟಲೆ ಒಳಗೊಳಗೇ ನುಂಗಿಕೊಂಡಿದ್ದ ಅಸಹ್ಯ ಅವತ್ತು ನನ್ನ ಬಾಯಿಗೆ ಬಂದು ಕೂತಿತು ಎಂದು ಈಗ ಅನ್ನಿಸುತ್ತದೆ. ಹಾಗೆಂದು ತಪ್ಪಿನ ಪಾಲು ಹಂಚಿ ನನ್ನದನ್ನು ಕಡಿಮೆ ಮಾಡಿಕೊಳ್ಳುವುದೂ ಹೇಸಿಗೆಯೇ.

ಮಾರನೆಯ ದಿನ ತರೀಕೆರೆಯವರು ಬಂದರು. ನಡುಮನೆಯಲ್ಲಿ ಎಲೆ ಹಾಕಿದರು. ಹೋಳಿಗೆ, ಗಸಗಸೆ ಪಾಯಸ. "ನೀನು ಆಮೇಲೆ ಉಣ್ಣೀವಂತೆ" ಎಂದು ಅಪ್ಪ ಮಾವನಿಗೆ ಬೆಳಿಗ್ಗೆಯೇ ಹೇಳಿದ್ದ. ಮಾವ ಹೊಸ ಶರಟು ತೊಟ್ಟು ಬಾಗಿಲ ಹಿಂದೆ ನಿಂತಿದ್ದ. ಗಂಡಿನ ಅಜ್ಜ, ಬಿಳಿ ಮೀಸೆಯ ದೊಡ್ಡ ಆಳು, ಕೂತವನೇ ಕೇಳಿದ: "ಎಲ್ಲಿ, ಹೆಣ್ಣಿನ ಸೋದರಮಾವ ಎಲ್ಲಿ?"

ಅಪ್ಪ ಏನೋ ತೊದಲಿದ. ಅಜ್ಜ ಬಿಡಲಿಲ್ಲ. "ಕೈ ವಿಷ್ಯ ಗೊತ್ತೈತೆ ಕಣ್ರೀ. ದುಡಿಯಕ್ಕೋಗಿ ಕಳ್ಕಂಡ ಕೈ, ಕದಿಯಕ್ಕೋಗಿ ಅಲ್ವಲ್ಲ! ಬಾರಪ್ಪಾ, ಬಾ, ನನ್ನ ಪಕ್ಕಕ್ಕೇ ಕೂತ್ಕ. ಯಾವ ಕೈಲಾದ್ರೂ ಉಣ್ಣು, ಹೊಟ್ಟೆ ಒಂದೇ."

ಎಲ್ಲರೂ ನಕ್ಕರು. ಮಾವ ಬಂದು ಅಜ್ಜನ ಪಕ್ಕದಲ್ಲಿ ಕೂತ. ಗೋಡೆಯ ಆಸರೆಯಿಲ್ಲದೆ, ಪಂಕ್ತಿಯ ನಡುವೆ ಅವನು ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಕಣ್ಣಲ್ಲಿ ನೀರಿತ್ತು. ಎದುರು ಸಾಲಿನಲ್ಲಿದ್ದ ನನ್ನನ್ನು ನೋಡಿ, ನಿನ್ನೆಯದೆಲ್ಲ ಮರೆತುಬಿಡು ಎನ್ನುವ ಹಾಗೆ ಹುಬ್ಬು ಹಾರಿಸಿದ. ಅವ್ವ ಪಾಯಸದ ಕೊಳಗ ಹಿಡಿದು ಬಡಿಸಿಕೊಂಡು ಬರುತ್ತಿದ್ದಳು. ಆಗ ನಾನು ಜೋರಾಗಿ ಹೇಳಿದೆ:

"ನಂಗೆ ಪಾಯಸ ಬ್ಯಾಡ. ಮಾವ ಒಳ್ಗೆ ಕೊಳಗಕ್ಕೆ ಎಡಗೈ ಅದ್ದಿ ನೆಕ್ತಿದ್ದ. ನಾನು ನೋಡ್ದೆ. ಹೇಸ್ಗೆ."

ಪಂಕ್ತಿ ಹಾಗೆಯೇ ನಿಂತುಹೋಯಿತು. ತರೀಕೆರೆಯ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಪಾಯಸ ಬಾಯಿಗೆ ಹಾಕಿಕೊಂಡಿದ್ದವನೊಬ್ಬ ನುಂಗದೆ ಕೂತ. "ಹುಡುಗ್ರ ಮಾತು, ಬಿಡ್ರಿ" ಎಂದು ಆ ಅಜ್ಜ ಅಂದರೂ ಅವನ ಕೈಯೂ ಎಲೆಯ ಮೇಲೆ ಅಡ್ಡ ಬಂತು. ಮಾವ ನನ್ನನ್ನು ನೋಡಿದ. ಆಮೇಲೆ ತನ್ನ ಅಕ್ಕನನ್ನು ನೋಡಿದ. ಅವ್ವ ಕೊಳಗ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು. ಅಪ್ಪ ಎದ್ದು ಅವಳ ಕೈಯಿಂದ ಕೊಳಗ ಕಿತ್ತುಕೊಂಡು ಹೋಗಿ ಕೊಟ್ಟಿಗೆಯ ಕಲಗಚ್ಚಿನ ಬಾನಿಗೆ ಸುರಿದ. "ಎದ್ದೇಳೋ ಮೇಲಕ್ಕೆ. ಮಾನ ಕಳ್ದೆ" ಎಂದ. ಮಾವ ಎದ್ದ. ಉಣ್ಣದ ಎಲೆಯನ್ನು ತಾನೇ ಮಡಿಸಿ ಎತ್ತಿಕೊಂಡು ಹೋದ.

ಸಂಜೆಯ ಹೊತ್ತಿಗೆ ಅವನು ಮನೆಯಲ್ಲಿರಲಿಲ್ಲ. ಬಿಳಿ ಶರಟು ಅಟ್ಟದ ಗೂಟಕ್ಕೆ ನೇತಾಡುತ್ತಿತ್ತು. ಇಂಜಿನ್ ಹಳಿಯ ಮೇಲಿತ್ತು, ಕೀ ಪಕ್ಕದಲ್ಲೇ ಇತ್ತು. ಮದುವೆ ಮುರಿಯಲಿಲ್ಲ, ಚೆನ್ನಾಗಿಯೇ ಆಯಿತು. ಅವ್ವನ ದೊಡ್ಡಪ್ಪನ ಮಗನೊಬ್ಬ ಸಿಂಗಟಗೆರೆಯಿಂದ ಬಂದು ಸೋದರಮಾವನ ಜಾಗದಲ್ಲಿ ನಿಂತ. ಧಾರೆಗೆ ಹೊರಡುವಾಗ ಸರೋಜಕ್ಕ ಬಾಗಿಲ ಕಡೆ ನೋಡುತ್ತಲೇ ಇದ್ದಳು.

ಇಂಜಿನ್ ನನ್ನದಾಯಿತು. ಕೇಳುವವರಿಲ್ಲ, ಡಬ್ಬಿಗೆ ಎಷ್ಟು ಬೇಕಾದರೂ ಕೈ ಹಾಕಬಹುದಿತ್ತು. ಆಟದಲ್ಲಿ ರುಚಿಯೇ ಉಳಿಯಲಿಲ್ಲ. ಮಾವ ಅದಕ್ಕೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಡುತ್ತಿದ್ದ. ನಾನು ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆಯನ್ನೇ ಧಾರಾಳವಾಗಿ ಸುರಿದೆ. ಪುಷ್ಯದ ಚಳಿಗೆ ಅದು ಒಳಗೇ ಹೆಪ್ಪುಗಟ್ಟಿ ಹಲ್ಲಿನ ಚಕ್ರ ಕಚ್ಚಿಕೊಂಡಿತು. ಬಲವಾಗಿ ಕೀ ತಿರುಗಿಸಿದೆ, ಸ್ಪ್ರಿಂಗು ತುಂಡಾಯಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಅಂಟು, ಅದರಲ್ಲಿ ಸತ್ತ ಜಿರಲೆ. ಮುಟ್ಟಲಾರದೆ ಕಾಯಿಯ ರಾಶಿಯ ಹಿಂದಕ್ಕೆ ಎಸೆದೆ. ಅಪ್ಪ ಹಳಿ ಸಮೇತ ಆ ಬಾಗಿಲನ್ನು ಮತ್ತೆ ಕೊಟ್ಟಿಗೆಗೆ ಹಾಕಿಸಿದ. ಎಮ್ಮೆ ಅದಕ್ಕೆ ಮೈ ಉಜ್ಜಿಕೊಂಡು ಕೊಡೆಯ ಕಡ್ಡಿಗಳು ಒಂದೊಂದಾಗಿ ಸಗಣಿಗೆ ಬಿದ್ದವು.

ಹೈಸ್ಕೂಲು ಮುಗಿಸಿದ ವರ್ಷ ಒಮ್ಮೆ ಅಜ್ಜಂಪುರಕ್ಕೆ ಹೋಗಿದ್ದೆ. ಸ್ಟೇಷನ್ನಿನಿಂದ ಹೊರಗೆ ಬಂದರೆ ಸೈಕಲ್ ಶಾಪಿನ ಮುಂದೆ ಮಾವ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತ ಕೂತಿದ್ದ. ಅವನೇ ಗುರುತು ಹಿಡಿದ. "ಲೇ, ಮಲ್ಲೇಶಿ ಅಲ್ವೇನೋ! ಎಷ್ಟುದ್ದ ಆಗ್ಬಿಟ್ಟಿದೀಯ. ಅಕ್ಕ ಹೆಂಗವ್ಳೆ? ಸರೋಜಿಗೆ ಮಕ್ಳೆಷ್ಟು?" ಎಂದು ಒಂದೇ ಉಸಿರಿನಲ್ಲಿ ಕೇಳಿದ. ಟೀ ತರಿಸಿದ. ಕುಡಿಯುವಾಗ ಮಾತ್ರ ನನಗೆ ಬೆನ್ನು ತಿರುಗಿಸಿ ಕೂತ. ತಪ್ಪಾಯಿತು ಎಂದು ಹೇಳಿಬಿಡಲು ನಾನು ಲೋಟ ಕೆಳಗಿಟ್ಟೆ.

"ಇಂಜಿನ್ ಓಡ್ತದಾ?" ಎಂದ, ಆ ಕಡೆ ತಿರುಗಿಕೊಂಡೇ.

"ಓಡ್ತದೆ ಮಾವ. ಚೆನ್ನಾಗೋಡ್ತದೆ."

"ಹ್ಞೂ. ಎಣ್ಣೆ ಬಿಡ್ತಿರು" ಎಂದ. ಅಷ್ಟೇ. ನಾನು ಟೀ ಮುಗಿಸಿ ಎದ್ದುಬಂದೆ. ಮತ್ತೆ ಹೋಗಲಿಲ್ಲ. ಹೋಗದಿರಲು ಪ್ರತಿ ವರ್ಷವೂ ಒಂದೊಂದು ನೆಪ ಸಿಗುತ್ತಿತ್ತು.

ಅವ್ವ ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸುತ್ತ, ಅವತ್ತಿನ ಪಾಯಸದ ಮಾತು ಸುಳ್ಳೆಂದು ಹೇಳಿದೆ. ಅವಳು ಬಾಯಿಯಲ್ಲಿದ್ದದ್ದನ್ನು ನುಂಗಿ, ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನಂಗೆ ಅವತ್ತೇ ಗೊತ್ತಿತ್ತು ಕಣೋ. ಒಲೆ ಮೇಲಿಂದ ಇಳ್ಸಿದಾಗಿನಿಂದ ಕೊಳಗ ನನ್ ಕೈಲೇ ಇತ್ತು. ಅವ್ನು ಒಳ್ಗೇ ಬಂದಿರ್ಲಿಲ್ಲ" ಎಂದಳು. ಮತ್ತೆ ಯಾಕೆ ಸುಮ್ಮನಿದ್ದೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. "ನನ್ ಮಗ ಸುಳ್ಳ ಅಂತ ಬೀಗ್ರ ಮುಂದೆ ಹೆಂಗೆ ಹೇಳ್ಲಿ? ತಮ್ಮ ಹೆಂಗೂ ತಡ್ಕಂತಾನೆ ಅನ್ಕಂಡೆ." ಉಳಿದ ಗಂಜಿಯನ್ನು ಅವಳು ಕುಡಿಯಲಿಲ್ಲ. ಆ ಮನೆಯ ಬಗ್ಗೆ ನನಗೆ ಉಳಿದಿದ್ದ ಕೊನೆಯ ಮರ್ಯಾದೆ ಅವತ್ತು ಹೋಯಿತು. ನನ್ನ ಬಗ್ಗೆ ಉಳಿದದ್ದು ಮೊದಲೇ ಏನೂ ಇರಲಿಲ್ಲ.

ಅವಳ ಕರ್ಮ ಮುಗಿಸಿ ಅಜ್ಜಂಪುರಕ್ಕೆ ಹೋದೆ. ಮಾವ ತೀರಿಕೊಂಡು ವರ್ಷಗಳೇ ಆಗಿದ್ದವು. ಸೈಕಲ್ ಶಾಪು ಈಗ ಬೈಕ್ ರಿಪೇರಿ ಅಂಗಡಿ. ಮಾವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದವರ ಮಗ ಅದನ್ನು ನಡೆಸುತ್ತಿದ್ದಾನೆ, ಮನೆ ಹಿಂದುಗಡೆಯೇ. ನಾನು ಯಾರೆಂದು ಕೇಳಿ ಗೊತ್ತಾದದ್ದೇ ತಡ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. "ಈರಣ್ಣೋರ ಅಳಿಯನಾ! ನಮಗೆ ಸೈಕಲ್ ಹೊಡೆಯೋದು ಕಲಿಸಿದ್ದೇ ಅವ್ರು ಕಣ್ರೀ. ಒಂದೇ ಒಂದು ಬೇಜಾರು. ಒಂದು ದಿನಾನೂ ನಮ್ ಜೊತೆ ಉಣ್ಲಿಲ್ಲ. ನಮ್ಮವ್ವ ತಟ್ಟೆ ಹಾಕಿದ್ರೆ ಅಂಗಡಿಗೆ ತಗಂಡೋಗಿ ಷಟರ್ ಅರ್ಧ ಎಳ್ಕಂಡು ಉಣ್ಣೋರು. ನನ್ ಮದ್ವೇಲಿ ಕಾಲಿಗೆ ಬಿದ್ದು ಪಂಕ್ತೀಲಿ ಕೂರಿಸ್ದೆ. ಕೂತ್ರು. ಪಾಯಸ ಬರೋದು ನೋಡಿ ಎದ್ದೋಗ್ಬಿಟ್ರು. ಯಾಕೆ ಅಂತ ಕೊನೇವರ್ಗೂ ಹೇಳ್ಲಿಲ್ಲ."

ಅವನ ಹೆಂಡತಿ ಅಡುಗೆಮನೆಯಿಂದ ತಟ್ಟೆ, ಲೋಟ ತಂದು ನನ್ನ ಮುಂದೆ ಇಟ್ಟಳು. "ಅವ್ರಂತೂ ಉಣ್ಲಿಲ್ಲ. ನೀವಾದ್ರೂ ನಮ್ ಜೊತೆ ಕೂತು ಉಂಡೋಗಿ" ಎಂದಳು. ಸಾರಿನ ಘಮ ಬರುತ್ತಿತ್ತು. ಹಸಿವೂ ಆಗಿತ್ತು.

ಯಾಕೆ ಎಂದು ನಾನು ಹೇಳಿದೆ. ಪಾಯಸದ ಮಾತನ್ನು ಆಡಿದ್ದು ಯಾರು, ಅದು ಎಷ್ಟು ನಿಜವಾಗಿತ್ತು, ಎಲ್ಲವನ್ನೂ ಹೇಳಿದೆ. ಅವನು ಕೇಳುತ್ತ ಕೇಳುತ್ತ ನನ್ನ ಪಕ್ಕದಿಂದ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಅವಳು ಸಾರಿನ ಸೌಟು ಹಿಡಿದುಕೊಂಡು ಹೊಸಿಲಲ್ಲೇ ಇದ್ದಳು, ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಅವನು, "ಕಡೂರಿಗೆ ಗಾಡಿ ಹೊತ್ತಾಯ್ತು ಅನ್ಸುತ್ತೆ" ಎಂದ, ಬೀದಿ ನೋಡುತ್ತ. ನಾನು ಲೋಟದ ನೀರು ಕುಡಿದೆ. ಖಾಲಿ ತಟ್ಟೆಯನ್ನು ಗೋಡೆಯ ಕಡೆ ಸರಿಸಿ ಎದ್ದೆ. ಸ್ಟೇಷನ್ನಿಗೆ ಬಂದರೆ ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಹಸಿದ ಹೊಟ್ಟೆಯಲ್ಲಿ ಕೂತೆ. ಪಕ್ಕದಲ್ಲಿ ಒಂದು ಸಂಸಾರ ಬುತ್ತಿ ಬಿಚ್ಚಿ ಉಣ್ಣುತ್ತಿತ್ತು. ಅವರಲ್ಲೊಬ್ಬಳು ಮುದುಕಿ, "ಒಂದು ರೊಟ್ಟಿ ತಗಳಪ್ಪಾ" ಎಂದು ಕೈ ಚಾಚಿದಳು. ಬೇಡ ತಾಯಿ, ಉಂಡಿದ್ದೀನಿ ಎಂದೆ.